ಈಜಿಪ್ಟಿನ ಕಲ್ಲು, ಈಜಿಪುರದ ಕಲ್ಲು

‘ಪಿರಮಿಡ್ ಕಟ್ಟಿದ್ದು ಮನುಷ್ಯರಲ್ಲ’ ಅಂತ ಶುರುವಾಗೋ ವಿಡಿಯೋ ನಿಮ್ಮ ಫೋನಿಗೂ ಒಂದಲ್ಲ ಒಂದು ದಿನ ಬಂದೇ ಇರುತ್ತೆ. ಹಿನ್ನೆಲೆಯಲ್ಲಿ ಗುಂಯ್ ಅನ್ನೋ ಸಂಗೀತ, ದಪ್ಪ ದನಿಯ ನಿರೂಪಣೆ, ಕೊನೆಗೆ ಆಕಾಶದಿಂದ ಇಳಿಯೋ ಒಂದು ತಟ್ಟೆ. ನಮ್ಮ ಮನೆಯ ವಾಟ್ಸಾಪ್ ಗುಂಪಿಗಂತೂ ಇದು ಹಬ್ಬದ ಥರ, ವರ್ಷಕ್ಕೊಂದು ಸಲ ತಪ್ಪದೆ ಬರುತ್ತೆ. ಇದರ ದೇಸಿ ಅವತಾರವೂ ಉಂಟು. ಹಳೇಬೀಡಿನ ನುಣುಪಾದ ಕಂಬ ತೋರಿಸಿ, ‘ಇದನ್ನ ಕೈಯಲ್ಲಿ ಮಾಡೋಕೆ ಸಾಧ್ಯವೇ ಇಲ್ಲ, ಆ ಕಾಲದ ಗುಪ್ತ ಯಂತ್ರಗಳನ್ನ ನಮ್ಮಿಂದ ಮುಚ್ಚಿಟ್ಟಿದ್ದಾರೆ’ ಅನ್ನೋದು.

ನಾನು ಸಿವಿಲ್ ಇಂಜಿನಿಯರ್ ಅಲ್ಲ, ಓದಿದ್ದು ಕಂಪ್ಯೂಟರ್ ಸೈನ್ಸ್. ಕಲ್ಲು ಹೊತ್ತವನೂ ಅಲ್ಲ, ಕೀಬೋರ್ಡ್ ಕುಟ್ಟೋನು. ಆದರೆ ನಮ್ಮ ಕೆಲಸದಲ್ಲಿ ಮೊದಲ ವಾರವೇ ಕಲಿಸೋ ಒಂದು ಪಾಠ ಇದೆ: ಸಮಸ್ಯೆ ದೊಡ್ಡದಾದರೆ ಅದನ್ನ ನೋಡಿ ಬಾಯಿ ಬಿಡಬೇಡ, ತುಂಡು ಮಾಡು. ‘ಪಿರಮಿಡ್ ಹೇಗೆ ಕಟ್ಟಿದ್ರು’ ಅನ್ನೋ ಪ್ರಶ್ನೆಯನ್ನ ತುಂಡು ಮಾಡಿದರೆ ನಾಲ್ಕು ಸಣ್ಣ ಪ್ರಶ್ನೆ ಸಿಗುತ್ತೆ. ಕಲ್ಲನ್ನ ಬಂಡೆಯಿಂದ ಬಿಡಿಸಿದ್ದು ಹೇಗೆ? ಸಾಗಿಸಿದ್ದು ಹೇಗೆ? ಮೇಲಕ್ಕೆ ಏರಿಸಿದ್ದು ಹೇಗೆ? ಅಷ್ಟು ಜನಕ್ಕೆ ಊಟ ಹಾಕಿ, ಲೆಕ್ಕ ಇಟ್ಟಿದ್ದು ಹೇಗೆ? ಈ ನಾಲ್ಕಕ್ಕೂ ಉತ್ತರ ಹುಡುಕ್ತಾ ಹೋದರೆ ಕೈರೋವರೆಗೆ ಹೋಗಬೇಕಾಗಿಲ್ಲ. ಅರ್ಧ ಉತ್ತರ ನಮ್ಮ ಕರ್ನಾಟಕದಲ್ಲೇ, ಅದರಲ್ಲೂ ಸ್ವಲ್ಪ ಭಾಗ ನಮ್ಮ ಮನೆ ಮುಂದಿನ ಮೋರಿ ಮೇಲೇ ಬಿದ್ದಿದೆ.

ಮೊದಲು ಲೆಕ್ಕ

ಗೀಜಾದಲ್ಲಿರೋ ಖುಫು ದೊರೆಯ ಪಿರಮಿಡ್ಡಿಗೆ ಸುಮಾರು 4,500 ವರ್ಷ. ಕಟ್ಟಿದಾಗ ಎತ್ತರ 146 ಮೀಟರ್, ಒಂದೊಂದು ಬದಿ 230 ಮೀಟರ್. ಅಂದಾಜು 23 ಲಕ್ಷ ಕಲ್ಲು, ಒಂದೊಂದರ ಸರಾಸರಿ ತೂಕ ಎರಡೂವರೆ ಟನ್. ಕೆಲಸ 20 ವರ್ಷ ನಡೀತು ಅಂತ ಇಟ್ಟುಕೊಳ್ಳಿ. ಭಾಗಿಸಿದರೆ ದಿನಕ್ಕೆ 315 ಕಲ್ಲು. ದಿನಕ್ಕೆ ಹತ್ತು ಗಂಟೆ ದುಡಿಮೆ ಅಂದರೆ, ಹತ್ತಿರ ಹತ್ತಿರ ಎರಡು ನಿಮಿಷಕ್ಕೊಂದು ಕಲ್ಲು.

ವಿಡಿಯೋಗಳು ಇಲ್ಲಿಗೆ ನಿಲ್ಲಿಸಿ, ‘ಎರಡೂವರೆ ಟನ್ ಕಲ್ಲನ್ನ ಎರಡು ನಿಮಿಷದಲ್ಲಿ ಕೂರಿಸೋಕೆ ಸಾಧ್ಯಾನಾ?’ ಅಂತ ಕೇಳ್ತಾವೆ. ಇದು ಲೆಕ್ಕದ ಕಣ್ಕಟ್ಟು. ವಿಜಯನಗರ ಮೆಟ್ರೋ ನಿಲ್ದಾಣದಲ್ಲಿ ಬೆಳಿಗ್ಗೆ ಐದು ನಿಮಿಷಕ್ಕೊಂದು ರೈಲು ಬರುತ್ತೆ ಅಂದರೆ, ರೈಲು ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ ಐದೇ ನಿಮಿಷದಲ್ಲಿ ಹೋಗುತ್ತೆ ಅಂತಲ್ಲ ತಾನೇ? ದಾರಿ ತುಂಬ ಒಂದರ ಹಿಂದೆ ಒಂದು ರೈಲುಗಳಿವೆ ಅಂತ. ಇಲ್ಲೂ ಅಷ್ಟೇ. ಐವತ್ತು ತಂಡ ಒಟ್ಟಿಗೆ ಎಳೀತಿದ್ರೆ ಒಂದು ತಂಡದ ಪಾಲಿಗೆ ದಿನಕ್ಕೆ ಆರೇಳು ಕಲ್ಲು. ಕಷ್ಟ, ಆದರೆ ಪವಾಡ ಅಲ್ಲ.

ಇನ್ನೊಂದು ವಿಷಯ. ಪಿರಮಿಡ್ ಅಂದರೆ ಅಡಿಯಲ್ಲಿ ಅಗಲ, ತುದಿಯಲ್ಲಿ ಚೂಪು. ಮೂರರಲ್ಲಿ ಒಂದು ಪಾಲು ಎತ್ತರ ಮುಗಿಯೋ ಹೊತ್ತಿಗೆ ಕಲ್ಲಿನ ಲೆಕ್ಕದಲ್ಲಿ ಶೇ. 70ರಷ್ಟು ಕೆಲಸ ಮುಗಿದಿರುತ್ತೆ. ಅಂದರೆ ಹೆಚ್ಚಿನ ಕಲ್ಲುಗಳು ತುಂಬ ಮೇಲಕ್ಕೆ ಹೋಗಿಯೇ ಇಲ್ಲ. ಅವು ದೂರದಿಂದ ಬಂದದ್ದೂ ಅಲ್ಲ, ಬಹುಪಾಲು ಅದೇ ಗೀಜಾದ ಪಕ್ಕದ ಗಣಿಯವು. ಹೊರಮೈಯ ಬಿಳಿ ಸುಣ್ಣಕಲ್ಲು ನೈಲ್ ನದಿಯಾಚೆಯ ತುರಾದಿಂದ, ಒಳಕೋಣೆಯ ಗ್ರಾನೈಟ್ ದೂರದ ಆಸ್ವಾನಿನಿಂದ ದೋಣಿಯಲ್ಲಿ ಬಂತು.

ಬೆಂಕಿಗೆ ಬಿಟ್ಟುಕೊಡೋ ಬಂಡೆ

ಈಗ ಮೊದಲ ಪ್ರಶ್ನೆ: ಬಿಡಿಸೋದು. ಸುಣ್ಣಕಲ್ಲು ಮೆದು, ತಾಮ್ರದ ಉಳಿಗೆ ಬಗ್ಗುತ್ತೆ. ಗ್ರಾನೈಟಿಗೆ ತಾಮ್ರ ಸಾಲದು. ಆಸ್ವಾನಿನಲ್ಲಿ ಅವರು ಗಟ್ಟಿಯಾದ ಡಾಲರೈಟ್ ಗುಂಡುಗಳಿಂದ ಬಂಡೆಯನ್ನ ಕುಟ್ಟಿ ಕುಟ್ಟಿ ಪುಡಿ ಮಾಡ್ತಾ ಸುತ್ತ ಕಾಲುವೆ ತೋಡ್ತಿದ್ರು. ಹಾಗೆ ತೋಡಿ, ನಡುವೆ ಬಿರುಕು ಕಾಣಿಸಿಕೊಂಡಿದ್ದಕ್ಕೆ ಅಲ್ಲೇ ಬಿಟ್ಟುಹೋದ ಒಂದು ಸ್ತಂಭ ಇವತ್ತಿಗೂ ಬಂಡೆಗೆ ಅಂಟಿಕೊಂಡು ಮಲಗಿದೆ. ಉದ್ದ ಸುಮಾರು 42 ಮೀಟರ್, ತೂಕ ಸಾವಿರ ಟನ್ನಿಗೂ ಮೇಲೆ. ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ವಿಧಾನವನ್ನ ಚೆನ್ನಾಗಿ ಹೇಳುತ್ತೆ ನೋಡಿ. ಕುಟ್ಟಿದ ಗುರುತು, ಬಿದ್ದ ಗುಂಡುಗಳು ಎಲ್ಲ ಅಲ್ಲೇ ಇವೆ.

ನಮ್ಮ ಬೆಂಗಳೂರಿನ ಜನ ಇದಕ್ಕೆ ಬೇರೆಯದೇ ದಾರಿ ಕಂಡುಕೊಂಡಿದ್ರು. 1895ರಲ್ಲಿ ‘ನೇಚರ್’ ಅನ್ನೋ ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ವಾರ್ತ್ ಅನ್ನೋರು ಇಲ್ಲಿನ ಕಲ್ಲುಗಣಿಗಳಲ್ಲಿ ಚಪ್ಪಡಿ ಎಬ್ಬಿಸೋ ಕ್ರಮವನ್ನ ವಿವರಿಸಿದ್ದಾರೆ. ಬಯಲಲ್ಲಿ ಮಟ್ಟಸವಾಗಿರೋ ಬಂಡೆಯ ಮೇಲೆ ಏಳು ಅಡಿ ಉದ್ದದ ಒಂದು ಸಾಲು ಒಣ ಸೌದೆ ಉರಿಸೋದು. ಆಗಾಗ ಸುತ್ತಿಗೆಯಿಂದ ತಟ್ಟಿ ನೋಡೋದು. ಸದ್ದು ಬದಲಾಯ್ತು ಅಂದರೆ ಕೆಳಗೆ ಪದರ ಬಿಟ್ಟಿದೆ ಅಂತ ಅರ್ಥ. ಆಗ ಉರಿಯೋ ಸಾಲನ್ನ ಕೆಲವೇ ಇಂಚು ಮುಂದಕ್ಕೆ ತಳ್ಳೋದು, ಮತ್ತೆ ತಟ್ಟೋದು. ಹೀಗೆ ಎಂಟು ಗಂಟೆ. ಸಾಲು ಮುಂದೆ ಹೋಗ್ತಾ ಬಿಲ್ಲಿನಂತೆ ಬಾಗಿ 25 ಅಡಿವರೆಗೂ ಬೆಳೆಯುತ್ತೆ. ಕೊನೆಗೆ ಐದು ಇಂಚು ದಪ್ಪದ, 740 ಚದರಡಿಯ ಒಂದೇ ಹಾಸು ಬುಡದ ಬಂಡೆಯಿಂದ ಬಿಟ್ಟುಕೊಂಡು ಕೂತಿರುತ್ತೆ!

740 ಚದರಡಿ ಅಂದರೆ ಎಷ್ಟು ಅಂತ ಬೆಂಗಳೂರಿನವರಿಗೆ ಹೇಳಬೇಕಾ? ಥರ್ಟಿ ಫಾರ್ಟಿ ಸೈಟಿನ ಅರ್ಧಕ್ಕಿಂತ ಜಾಸ್ತಿ. ತೂಕ 22 ಟನ್ ದಾಟುತ್ತೆ. ಇದಕ್ಕೆಲ್ಲ ಸುಟ್ಟ ಸೌದೆ ಮುಕ್ಕಾಲು ಟನ್ ಅಷ್ಟೇ. ಒಂದು ಕಿಲೋ ಸೌದೆಗೆ ಮೂವತ್ತು ಕಿಲೋ ಕಲ್ಲು. ಮದ್ದುಗುಂಡು ಇಲ್ಲ, ಯಂತ್ರ ಇಲ್ಲ.

ಒಳಗಿನ ವಿಜ್ಞಾನ ಸರಳ. ಕಲ್ಲು ಶಾಖವನ್ನ ಬೇಗ ಒಳಕ್ಕೆ ಬಿಡಲ್ಲ. ಮೇಲಿನ ಕೆಲವು ಇಂಚು ಕಾದು ಹಿಗ್ಗುತ್ತೆ, ಕೆಳಗಿನದು ತಣ್ಣಗೇ ಇರುತ್ತೆ. ಹಿಗ್ಗಿದ್ದಕ್ಕೆ ಜಾಗ ಬೇಕು, ಪಕ್ಕಕ್ಕೆ ಹೋಗೋಕಾಗಲ್ಲ, ಮೇಲಕ್ಕೆ ಉಬ್ಬುತ್ತೆ. ಕಾವಲಿ ಮೇಲಿನ ಚಪಾತಿ ಪದರ ಬಿಟ್ಟ ಹಾಗೆ ಅಂದುಕೊಳ್ಳಿ. ಆದರೆ ಬೆಂಕಿಯನ್ನ ಯಾವಾಗ, ಎಷ್ಟು ಇಂಚು ಮುಂದೆ ತಳ್ಳಬೇಕು ಅನ್ನೋದು ಪುಸ್ತಕದಲ್ಲಿ ಇಲ್ಲ. ಅದು ತಟ್ಟೋನ ಕಿವಿಯಲ್ಲಿದೆ.

ಇದಕ್ಕೂ ಹಿಂದಿನ ಒಂದು ದಾಖಲೆ ಇದೆ. ಖಗೋಳ ವಿಜ್ಞಾನಿ ಜಾನ್ ಹರ್ಷಲ್ 1830ರಲ್ಲಿ ಬರೆದ ಪುಸ್ತಕದಲ್ಲಿ ಶ್ರೀರಂಗಪಟ್ಟಣದ ಕಲ್ಲುಗಣಿಯ ಪ್ರಸ್ತಾಪ ಬರುತ್ತೆ. ಬಂಡೆ ಮೇಲೆ ಗೆರೆ ಎಳೆದು, ಎರಡು ಇಂಚು ಆಳಕ್ಕೆ ಕೊರೆದು, ಆ ಗೆರೆಯುದ್ದಕ್ಕೂ ಬೆಂಕಿ ಹಾಕ್ತಾರೆ. ಚೆನ್ನಾಗಿ ಕಾದ ಮೇಲೆ ಸಾಲಾಗಿ ನಿಂತ ಗಂಡಸರು ಹೆಂಗಸರು ಬೂದಿ ಗುಡಿಸಿ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮಡಕೆ ತಣ್ಣೀರು, ಒಟ್ಟಿಗೇ ಸುರೀತಾರೆ. ಬಂಡೆ ನೇರವಾಗಿ ಸೀಳುತ್ತೆ. ಆರಡಿ ಅಗಲ, ಆರಡಿ ದಪ್ಪ, ಎಂಬತ್ತು ಅಡಿಗೂ ಮೀರಿದ ಉದ್ದದ ಕಲ್ಲುಗಳನ್ನ ಹೀಗೆ ತೆಗೀತಿದ್ರಂತೆ. ಲೆಕ್ಕ ಹಾಕಿದೆ, 200 ಟನ್ನಿಗೂ ಜಾಸ್ತಿ ಆಗುತ್ತೆ. ಖುಫು ಪಿರಮಿಡ್ಡಿನ ಸಾಧಾರಣ ಕಲ್ಲಿನ ಎಂಬತ್ತು ಪಟ್ಟು! ಮಡಕೆ ಹಿಡಿದ ಆ ಹೆಂಗಸರನ್ನ ಗಮನಿಸಿ. ಇವರ ವಿಷಯಕ್ಕೆ ಮತ್ತೆ ಬರ್ತೀನಿ.

ಹೋದ ವರ್ಷ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಒಂದು ಹಳೇ ಮನೆ ಕೆಡವಿದ್ರು. ಮೋರಿ ಮೇಲಿದ್ದ ಉದ್ದದ ಚಪ್ಪಡಿಯನ್ನ ಎರಡು ಮಾಡಬೇಕಿತ್ತು. ಮೇಸ್ತ್ರಿ ಕರೆಸಿದ್ದು ಎಪ್ಪತ್ತರ ಹತ್ತಿರದ ಒಬ್ಬ ತಾತನನ್ನ. ಗೋಣಿಚೀಲದಲ್ಲಿ ಒಂದು ಸುತ್ತಿಗೆ, ಐದಾರು ಉಳಿ, ಒಂದಷ್ಟು ಬೆಣೆ. ಬಂದವರೇ ಚಪ್ಪಡಿ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಮೆಲ್ಲಗೆ ತಟ್ಟಿದ್ರು.

‘ಏನ್ ತಾತ, ಏನ್ ಕೇಳಿಸ್ಕೊಳ್ತಿದೀರಾ?’ ಅಂದೆ.

‘ಕಲ್ಲು ಹೇಳ್ತದೆ ಸಾಮಿ. ಗಟ್ಟಿ ಇದ್ರೆ ಗಂಟೆ ಹೊಡ್ದಂಗೆ ಅಂತದೆ. ಒಳಗೆ ಬಿಟ್ಟಿದ್ರೆ ಒಡಕು ಮಡ್ಕೆ.’

ಆಮೇಲೆ ಗೆರೆ ಎಳೆದು, ಗೆರೆ ಮೇಲೆ ಗೇಣಿಗೊಂದರಂತೆ ಸಣ್ಣ ಗುಳಿ ತೋಡಿ, ಬೆಣೆ ಇಟ್ಟು, ಒಂದೊಂದಕ್ಕೂ ಒಂದೊಂದೇ ಏಟು ಹಾಕ್ತಾ ಹೋದ್ರು. ಜೋರಾಗೇನೂ ಅಲ್ಲ. ಮೂರನೇ ಸುತ್ತೋ ನಾಲ್ಕನೇ ಸುತ್ತೋ, ‘ಟಕ್’ ಅಂತ ಒಂದು ಸಣ್ಣ ಸದ್ದು. ಚಪ್ಪಡಿ ಎರಡಾಗಿತ್ತು, ಅಂಚು ಸ್ಕೇಲ್ ಇಟ್ಟಷ್ಟು ನೇರ.

ಹಂಪಿಗೆ ಹೋದವರು ಇದೇ ಗುಳಿಗಳ ಸಾಲನ್ನ ನೋಡಿರ್ತೀರಿ. ಬಂಡೆಗಳ ಮೈಮೇಲೆ ಹೊಲಿಗೆ ಹಾಕಿದ ಹಾಗೆ ಉದ್ದಕ್ಕೂ ಕಾಣುತ್ತೆ. ಕೆಲವು ಕಡೆ ಗುಳಿ ತೋಡಿ ಒಡೆಯದೆ ಹಾಗೇ ಬಿಟ್ಟಿದ್ದಾರೆ. ಆಸ್ವಾನಿನ ಸ್ತಂಭದ ಥರಾನೇ, ಅರ್ಧಕ್ಕೆ ನಿಂತ ಕೆಲಸ.

ಈಜಿಪುರದ ದಾರಿ

ಎರಡನೇದು, ಸಾಗಿಸೋದು. ಈಜಿಪ್ಟಿನಲ್ಲಿ ಜೆಹುತಿಹೊತೆಪ್ ಅನ್ನೋ ಅಧಿಕಾರಿಯ ಸಮಾಧಿಯಲ್ಲಿ ಒಂದು ಚಿತ್ರ ಇದೆ, ಸುಮಾರು 3,900 ವರ್ಷದ್ದು. ದೊಡ್ಡ ಮೂರ್ತಿಯೊಂದನ್ನ ಮರದ ಜಾರುಬಂಡಿಗೆ ಹಗ್ಗದಿಂದ ಬಿಗಿದು 172 ಜನ ಎಳೀತಿದ್ದಾರೆ. ಜಾರುಬಂಡಿಯ ಮುಂತುದಿಯ ಮೇಲೆ ಒಬ್ಬ ನಿಂತು ನೆಲಕ್ಕೆ ನೀರು ಹುಯ್ಯುತ್ತಿದ್ದಾನೆ. ಇದು ಏನೋ ಪೂಜೆ ಇರಬೇಕು ಅಂತ ಅಂದುಕೊಂಡಿದ್ದವರೂ ಇದ್ದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮರಳಿನ ಮೇಲೆ ಪ್ರಯೋಗ ಮಾಡಿ ನೋಡಿದ್ರು. ಹದವಾಗಿ ನೀರು ಹಾಕಿದ ಮರಳಲ್ಲಿ ಎಳೆಯೋಕೆ ಬೇಕಾದ ಶಕ್ತಿ ಅರ್ಧಕ್ಕರ್ಧ ಕಡಿಮೆ ಆಗುತ್ತೆ. ಒಣ ಮರಳಲ್ಲಿ ಬಂಡಿಯ ಮುಂದೆ ಗುಡ್ಡೆ ಆಗುತ್ತೆ, ಹಸಿ ಮರಳು ಗಟ್ಟಿ ನಿಲ್ಲುತ್ತೆ. ಸಮುದ್ರದ ದಂಡೆಯಲ್ಲಿ ಸೈಕಲ್ ಓಡಿಸಿದ ಹುಡುಗರಿಗೆಲ್ಲ ಗೊತ್ತಿರೋ ವಿಷಯ.

ನಮ್ಮಲ್ಲಿ ಇಂಥದ್ದೇ ಕಥೆ ಕಾರ್ಕಳದ್ದು. ಅಲ್ಲಿನ ಗೊಮ್ಮಟ 42 ಅಡಿ ಎತ್ತರ, ತೂಕ 80 ಟನ್ ಅಂತ ಅಂದಾಜು. ಪ್ರತಿಷ್ಠೆ ಆದದ್ದು 1432ರಲ್ಲಿ, ವೀರಪಾಂಡ್ಯ ಭೈರರಸನ ಕಾಲ. ಬೇರೆ ಕಡೆ ಕೆತ್ತಿ ಬೆಟ್ಟಕ್ಕೆ ತಂದದ್ದು ಅನ್ನೋದು ಊರಿನ ಐತಿಹ್ಯ. 19ನೇ ಶತಮಾನದ ಬ್ರಿಟಿಷ್ ಅಧಿಕಾರಿಗಳು ಅದನ್ನ ಬರೆದಿಟ್ಟಿದ್ದಾರೆ: ಕಬ್ಬಿಣದ ಇಪ್ಪತ್ತು ಗಾಡಿಗಳನ್ನ ಸಾಲಾಗಿ ಕಟ್ಟಿ, ಗಾಡಿಗೆ ಹತ್ತು ಸಾವಿರದಂತೆ ತೆಂಗಿನಕಾಯಿ ಒಡೆದು, ರಾಶಿ ರಾಶಿ ಹತ್ತಿ ಹಾಸಿ, ಸಾವಿರಾರು ಭಕ್ತರು ಇಳಿಜಾರು ದಾರಿಯಲ್ಲಿ ಮೇಲಕ್ಕೆಳೆದರು ಅಂತ. ಸಂಖ್ಯೆಯಲ್ಲಿ ಐತಿಹ್ಯದ ಉತ್ಸಾಹ ಇದ್ದೀತು. ಆದರೆ ಅಂಶಗಳನ್ನ ನೋಡಿ: ಭಾರ ಹಂಚೋಕೆ ಹಲವು ಗಾಡಿ, ಪೆಟ್ಟು ತಾಗದಿರೋಕೆ ಮೆತ್ತೆ, ಎಳೆಯೋಕೆ ಜನ, ಏರೋಕೆ ಇಳಿಜಾರು. ತೆಂಗಿನಕಾಯಿ ಭಕ್ತಿಗೋ ಜಾರಿಕೆಗೋ, ಎಣ್ಣೆ ಜಾರುತ್ತೆ ಅಂತ ಕರಾವಳಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಅದೇ ಕಾರ್ಕಳದಲ್ಲಿ, ಐದು ಶತಮಾನ ಆದ ಮೇಲೆ, ರೆಂಜಾಳ ಗೋಪಾಲ ಶೆಣೈ ಅನ್ನೋ ವಯೋವೃದ್ಧ ಶಿಲ್ಪಿ ಮತ್ತೊಂದು ಬಾಹುಬಲಿ ಕೆತ್ತಿದ್ರು. 39 ಅಡಿ, ಸುಮಾರು 170 ಟನ್. ಅದನ್ನ 1973ರಲ್ಲಿ ಹತ್ತಾರು ಚಕ್ರದ ಟ್ರೇಲರ್ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಿದ್ರು. 1982ರಲ್ಲಿ ಮೊದಲ ಮಹಾಮಸ್ತಕಾಭಿಷೇಕ ಆಯ್ತು. ದಾರಿಯುದ್ದಕ್ಕೂ ಊರೂರಿನ ಜನ ನಿಂತು ನೋಡಿದ ಆ ಯಾತ್ರೆಯನ್ನ ದಕ್ಷಿಣ ಕನ್ನಡದ ಹಿರಿಯರು ಇವತ್ತಿಗೂ ನೆನಪಿಸಿಕೊಳ್ತಾರೆ.

ಇನ್ನೂ ಹತ್ತಿರದ್ದು ಬೇಕಾ? ಈಜಿಪ್ಟ್ ಬಿಡಿ, ನಮ್ಮ ಈಜಿಪುರಕ್ಕೆ ಬನ್ನಿ. (ವಿಜಯನಗರದಿಂದ ಸಂಜೆ ಹೊತ್ತು ಹೊರಟರೆ ಎರಡೂ ಒಂದೇ ದೂರ ಅನ್ನಿಸುತ್ತೆ, ಇರಲಿ.) ಅಲ್ಲಿನ ಕೋದಂಡರಾಮಸ್ವಾಮಿ ದೇವಸ್ಥಾನಕ್ಕೆ ವಿಶ್ವರೂಪ ಮಹಾವಿಷ್ಣುವಿನ ಮೂರ್ತಿಗಾಗಿ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಕೊರಕೋಟೈನಿಂದ ಒಂದೇ ಕಲ್ಲು ತಂದ್ರು. ತೂಕ 300 ಟನ್ನಿಗೂ ಮೇಲೆ, ಹೊತ್ತದ್ದು 240 ಚಕ್ರದ ಟ್ರೇಲರ್. 2018ರ ಡಿಸೆಂಬರಿನಲ್ಲಿ ಹೊರಟದ್ದು ಬೆಂಗಳೂರು ಮುಟ್ಟಿದ್ದು 2019ರ ಜೂನಿನಲ್ಲಿ. ಟೈರ್ ಒಡೆದವು, ದಾರಿ ಸಾಲದ ಕಡೆ ಅಂಗಡಿ ಮನೆಗಳ ಮುಂಭಾಗ ತೆಗೆಯಬೇಕಾಯ್ತು. ಹೊಸೂರಿನ ಹತ್ತಿರ ದಕ್ಷಿಣ ಪಿನಾಕಿನಿ ದಾಟಿಸೋಕೆ ಹೊಳೆಗೇ ಮಣ್ಣು ಸುರಿದು ತಾತ್ಕಾಲಿಕ ದಾರಿ ಮಾಡಿದ್ರು. ಡೀಸೆಲ್ ಇಂಜಿನ್ ಇದೆ, ಹೈಡ್ರಾಲಿಕ್ಸ್ ಇದೆ, ಜಿಪಿಎಸ್ ಇದೆ. ಆದರೂ ಹೊಳೆ ದಾಟಿಸಿದ್ದು ಮಣ್ಣಿನ ಏರಿ. ಖುಫುವಿನ ಮೇಸ್ತ್ರಿ ನೋಡಿದ್ದರೆ, ‘ನಾವೂ ಹೀಗೇ ಮಾಡ್ತಿದ್ವಿ’ ಅಂತಿದ್ದ.

ಏರಿಸೋ ಸಮಸ್ಯೆ, ಏರಿಸದ ಉಪಾಯ

ಪಂಡಿತರ ಜಗಳ ಇರೋದು ಮೂರನೇ ಪ್ರಶ್ನೆಯಲ್ಲಿ. ಗ್ರೀಕ್ ಲೇಖಕ ಹೆರೊಡೋಟಸ್, ಮರದ ಯಂತ್ರಗಳಿಂದ ಮೆಟ್ಟಿಲಿಂದ ಮೆಟ್ಟಿಲಿಗೆ ಎತ್ತಿದ್ರು ಅಂತ ಬರೆದ. ಅವನು ಬರೆದದ್ದು ಪಿರಮಿಡ್ ಕಟ್ಟಿ ಎರಡು ಸಾವಿರ ವರ್ಷ ಆದ ಮೇಲೆ. ಹೆಚ್ಚಿನವರು ನಂಬೋದು ರ‍್ಯಾಂಪ್ ಅನ್ನ. ಆದರೆ ಹತ್ತು ಅಡಿಗೆ ಒಂದು ಅಡಿ ಏರೋ ನೇರ ರ‍್ಯಾಂಪ್ ತುದಿ ಮುಟ್ಟಬೇಕಾದರೆ ಒಂದೂವರೆ ಕಿಲೋಮೀಟರ್ ಉದ್ದ ಬೇಕು, ಅದನ್ನ ಕಟ್ಟೋದೇ ಇನ್ನೊಂದು ಪಿರಮಿಡ್ಡಿನ ಕೆಲಸ. ಹಾಗಾಗಿ ಸುತ್ತಿಕೊಂಡು ಹೋಗೋ ರ‍್ಯಾಂಪ್ ಅಂದವರಿದ್ದಾರೆ. ಕೆಳಗೆ ಹೊರಗಿನ ರ‍್ಯಾಂಪ್, ಮೇಲಕ್ಕೆ ಗೋಡೆಯೊಳಗೇ ಸುತ್ತೋ ಸುರಂಗ ಅಂದವರು ಫ್ರೆಂಚ್ ವಾಸ್ತುಶಿಲ್ಪಿ ಜಾನ್ ಪಿಯರ್ ಹೂಡಾನ್. ಕಲ್ಲು ಎತ್ತಲೇ ಇಲ್ಲ, ಕಾಂಕ್ರೀಟಿನ ಥರ ಅಲ್ಲೇ ಎರಕ ಹೊಯ್ದರು ಅಂದವರು ಜೋಸೆಫ್ ಡೇವಿಡೊವಿಟ್ಸ್. ಅದನ್ನ ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಲ್ಲ. 2018ರಲ್ಲಿ ಹಟ್ನುಬ್ ಅನ್ನೋ ಗಣಿಯಲ್ಲಿ ಖುಫು ಕಾಲದ್ದೇ ಒಂದು ಕಡಿದಾದ ರ‍್ಯಾಂಪ್ ಸಿಕ್ತು. ಎರಡೂ ಬದಿ ಮೆಟ್ಟಿಲು, ಕಂಬ ನೆಟ್ಟ ಗುಂಡಿಗಳು. ಕಂಬಕ್ಕೆ ಹಗ್ಗ ಸುತ್ತಿ ಎಳೆಯೋ ಏರ್ಪಾಡು ಅಂತ ಕಾಣುತ್ತೆ.

‘ಅಷ್ಟು ದೊಡ್ಡ ರ‍್ಯಾಂಪ್ ಇದ್ದಿದ್ರೆ ಈಗ ಎಲ್ಲಿ ಹೋಯ್ತು?’ ಅಂತ ಕೇಳ್ತಾರೆ. ಕೆಂಗೇರಿ ಕಡೆ ಏಳ್ತಿರೋ ಯಾವ ಅಪಾರ್ಟ್‌ಮೆಂಟನ್ನಾದರೂ ನೋಡಿ. ಬಣ್ಣ ಹೊಡೆಯೋವರೆಗೂ ಸುತ್ತ ಸಾರುವೆ ಇರುತ್ತೆ. ಗೃಹಪ್ರವೇಶದ ದಿನ ಒಂದು ಗಳ ಕೂಡ ಕಾಣಲ್ಲ. ಹಾಗಂತ ಹತ್ತನೇ ಮಹಡಿಯ ಹೊರಗೋಡೆಗೆ ಯಾರೋ ಹಾರಿಕೊಂಡು ಬಣ್ಣ ಹೊಡೆದ್ರು ಅಂತ ಯಾರೂ ಹೇಳಲ್ಲ. ಏರೋಕೆ ಕಟ್ಟಿದ್ದನ್ನ ಕೆಲಸ ಮುಗಿದ ಮೇಲೆ ಬಿಚ್ಚೋದು ಎಲ್ಲ ಕಾಲದ ಕ್ರಮ.

ಏರಿಸೋ ವಿಚಾರದಲ್ಲಿ ನನಗೆ ತುಂಬ ಇಷ್ಟವಾದ ಉತ್ತರ ಶ್ರವಣಬೆಳಗೊಳದ್ದು. 58 ಅಡಿಯ ಏಕಶಿಲಾ ಮೂರ್ತಿಯನ್ನ ಬೆಟ್ಟದ ತುದಿಗೆ ಎತ್ತಿದ್ದು ಹೇಗೆ? ಎತ್ತಲೇ ಇಲ್ಲ! ಹತ್ತನೇ ಶತಮಾನದ ಕೊನೆಯಲ್ಲಿ, ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ ಈ ಕೆಲಸದಲ್ಲಿ ದೊಡ್ಡಬೆಟ್ಟದ ತುದಿಯ ಬಂಡೆಯನ್ನೇ ಗೊಮ್ಮಟನನ್ನಾಗಿ ಮಾಡಿದ್ರು. ಮೂರ್ತಿ ಅಲ್ಲದ್ದನ್ನೆಲ್ಲ ಕೆತ್ತಿ ಕೆಳಗೆ ತಳ್ಳಿದ್ರು. ತಲೆಯಿಂದ ಶುರುಮಾಡಿ ಕಾಲಿಗೆ ಇಳಿದರೆ, ನಿಲ್ಲೋಕೆ ಬಂಡೆಯೇ ಅಟ್ಟಣೆ ಆಗುತ್ತೆ. ಹಂಪಿಯ ಉಗ್ರನರಸಿಂಹನೂ ಹೀಗೇ, ಇದ್ದಲ್ಲೇ ಇದ್ದ ಬಂಡೆಯಿಂದ ಮೂಡಿದ್ದು, 1528ರಲ್ಲಿ. ಕಷ್ಟದ ಕೆಲಸವನ್ನ ಮಾಡೋದು ಒಂದು ಜಾಣತನ, ಆ ಕೆಲಸದ ಅಗತ್ಯವೇ ಬೀಳದ ಹಾಗೆ ಮಾಡೋದು ದೊಡ್ಡ ಜಾಣತನ. ನಮ್ಮ ಆಫೀಸಿನಲ್ಲಿ ಇಂಥವರಿಗೆ ಆರ್ಕಿಟೆಕ್ಟ್ ಅಂತ ಹುದ್ದೆ ಕೊಡ್ತಾರೆ.

ಇನ್ನು ಹಳೇಬೀಡಿನ ‘ಗುಪ್ತ ಯಂತ್ರ’. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗ್ತಾ ಹೋಗುತ್ತೆ. ಅಂಥ ಕಲ್ಲನ್ನ ಬುಗುರಿಯ ಹಾಗೆ ತಿರುಗಿಸಿ ಕಡೆದು ಕಂಬ ಮಾಡಿದ್ರು ಅಂತ ಕಲಾ ಇತಿಹಾಸಕಾರರೇ ಎಷ್ಟೋ ವರ್ಷದಿಂದ ಹೇಳ್ತಾ ಬಂದಿದ್ದಾರೆ. ಇದರಲ್ಲಿ ಯಾರೂ ಏನೂ ಮುಚ್ಚಿಟ್ಟಿಲ್ಲ.

ಊಟ, ಹಾಜರಿ

ನಾಲ್ಕನೇ ಪ್ರಶ್ನೆಯನ್ನ ವಿಡಿಯೋಗಳು ಕೇಳೋದೇ ಇಲ್ಲ. ನನಗಂತೂ ಅದೇ ಮುಖ್ಯ ಅನ್ನಿಸುತ್ತೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್ ಅನ್ನೋ ಕಡೆ ಪಿಯರ್ ತಾಲೆ ಅವರ ತಂಡಕ್ಕೆ ಪಪೈರಸ್ ಹಾಳೆಗಳು ಸಿಕ್ಕವು. ಬರಹ ಇರೋ ಪಪೈರಸ್‌ಗಳಲ್ಲಿ ಇವತ್ತಿಗೆ ಸಿಕ್ಕಿರೋ ಅತ್ಯಂತ ಹಳೆಯವು. ಅದರಲ್ಲಿ ಮೆರೆರ್ ಅನ್ನೋ ಮೇಲ್ವಿಚಾರಕ ತನ್ನ ನಲವತ್ತು ಜನರ ತಂಡದ ದಿನಚರಿ ಬರೆದಿದ್ದಾನೆ. ಇವತ್ತು ತುರಾದಲ್ಲಿ ಕಲ್ಲು ತುಂಬಿದ್ವಿ, ಇವತ್ತು ದೋಣಿಯಲ್ಲಿ ಹೊರಟ್ವಿ, ಇವತ್ತು ಖುಫುವಿನ ಪಿರಮಿಡ್ ಮುಟ್ಟಿದ್ವಿ, ಇಂತಿಷ್ಟು ರೊಟ್ಟಿ ಬಂತು. ದೇವರ ಮಾತಿಲ್ಲ, ಆಕಾಶದ ಮಾತಿಲ್ಲ. ನಾನು ಪ್ರತಿ ಶುಕ್ರವಾರ ಗೊಣಗ್ತಾ ತುಂಬೋ ಟೈಮ್‌ಶೀಟ್ ಏನಿದೆ, ಅದೇ!

ಪಿರಮಿಡ್ಡಿನ ಪಕ್ಕದಲ್ಲೇ ಕೆಲಸಗಾರರ ಊರನ್ನೂ ಅಗೆದು ತೆಗೆದಿದ್ದಾರೆ. ರೊಟ್ಟಿ ಸುಡೋ ಒಲೆಗಳು, ಮೀನಿನ ಮುಳ್ಳು, ದನ ಕುರಿಗಳ ಮೂಳೆ ರಾಶಿ. ಕೆಲಸಗಾರರ ಸಮಾಧಿಗಳೂ ಸಿಕ್ಕಿವೆ. ಚಾಟಿ ಏಟಿನ ಗುಲಾಮರು ಅನ್ನೋ ಸಿನಿಮಾ ಕಥೆಗೆ ಇದು ಹೊಂದಲ್ಲ, ಗುಲಾಮರಿಗೆ ದೊರೆಯ ಪಿರಮಿಡ್ಡಿನ ನೆರಳಲ್ಲಿ ಸಮಾಧಿ ಕಟ್ಟಲ್ಲ. ಹಾಗಂತ ಸುಖದ ಬಾಳೂ ಅಲ್ಲ. ಅಸ್ಥಿಗಳಲ್ಲಿ ಸವೆದ ಸೊಂಟ, ಸವೆದ ಮಂಡಿ ಕಾಣುತ್ತೆ. ಮುರಿದ ಕೈಯನ್ನ ಯಾರೋ ನೇರಕ್ಕೆ ಕೂರಿಸಿ ಕಟ್ಟಿ, ಅದು ಕೂಡಿಕೊಂಡ ಗುರುತೂ ಇದೆ. ‘ಹೇಗೆ ಕಟ್ಟಿದ್ರು’ ಅನ್ನೋದಕ್ಕೆ ಇದಕ್ಕಿಂತ ನೇರ ಉತ್ತರ ನಾನು ಬೇರೆಲ್ಲೂ ನೋಡಿಲ್ಲ.

ಯಾರ ಹೆಸರು?

‘ಇರಲಿ ಬಿಡೋ, ತಮಾಷೆಗೆ ನೋಡೋ ವಿಡಿಯೋಗೆ ಇಷ್ಟೊಂದು ಯಾಕೆ’ ಅಂತ ಮನೆಯಲ್ಲಿ ಕೇಳ್ತಾರೆ. ನನಗೆ ಅದು ತಮಾಷೆಯಾಗಿ ಕಾಣೋದಿಲ್ಲ, ಕಾರಣ ಇದೆ.

ದೊಡ್ಡ ಕೆಲಸ ಕಂಡರೆ ಅದನ್ನ ಮಾಡಿದವರನ್ನ ಬಿಟ್ಟು ಬೇರೆ ಯಾರಿಗಾದರೂ ಕೊಡೋ ಚಾಳಿ ನಮ್ಮದೇ ಹಳೆಯದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಕಲ್ಮನೆಗಳಿವೆ. ಪಕ್ಕದ ಬಂಡೆಯಿಂದ ಹಾಸು ಎಬ್ಬಿಸಿ ನಿಲ್ಲಿಸಿದ ಸಮಾಧಿಗಳು ಅವು. ಜನ ಅದನ್ನ ಕರೆಯೋದು ಮೋರ್ಯರ ಗುಡ್ಡ ಅಂತ, ಹಿಂದೆ ಇದ್ದ ಕುಳ್ಳಗಿನ ಬೇರೆ ಥರದ ಜನರ ಮನೆ ಅಂತ. ಬೇರೆ ಕಡೆ ಇಂಥವೇ ಪಾಂಡವರ ಗುಡಿಯಾಗಿವೆ. ಹೊಯ್ಸಳರ ಗುಡಿಗಳನ್ನೆಲ್ಲ ಜಕಣಾಚಾರಿ ಒಬ್ಬನ ಹೆಸರಿಗೆ ಬರೆದುಬಿಟ್ಟಿದ್ದೀವಿ. ಆದರೆ ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನ ತಾವೇ ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಓದಲು ಬರೋ ಅಕ್ಷರದಲ್ಲಿ, ನಮ್ಮದೇ ಭಾಷೆಯಲ್ಲಿ ಬರೆದಿದ್ದರೂ ನಾವು ಕಥೆಯನ್ನೇ ನಂಬ್ತೀವಿ.

ಕೆತ್ತಿದವರ ಹೆಸರಾದರೂ ಉಳೀತು. ಕಲ್ಲು ಬಿಡಿಸಿದವರು, ಎಳೆದವರು, ಮಡಕೆ ಹಿಡಿದು ಸಾಲಲ್ಲಿ ನಿಂತ ಆ ಹೆಂಗಸರು, ಇವರ ಹೆಸರು ನಮ್ಮಲ್ಲಿ ಎಲ್ಲೂ ಇಲ್ಲ. ಈಜಿಪ್ಟಿನ ಕೂಲಿಗಳು ಈ ವಿಷಯದಲ್ಲಿ ಪುಣ್ಯವಂತರು. ಪಿರಮಿಡ್ಡಿನ ಒಳಗಲ್ಲುಗಳ ಮೇಲೆ ‘ಖುಫುವಿನ ಗೆಳೆಯರು’ ಅಂತ ತಮ್ಮ ತಂಡದ ಹೆಸರು ಗೀಚಿ ಹೋಗಿದ್ದಾರೆ. ಇನ್ನೊಂದು ಪಿರಮಿಡ್ಡಿನಲ್ಲಿ ‘ಮೆಂಕೌರೆಯ ಕುಡುಕರು’ ಅಂತ ಬರ್ಕೊಂಡಿದ್ದಾರೆ. ಕ್ರಿಕೆಟ್ ತಂಡಕ್ಕೆ ಹೆಸರಿಡೋ ನಮ್ಮ ಹುಡುಗರಿಗಿಂತ ಕಡಿಮೆ ಏನಿಲ್ಲ.

‘ಕೈಯಲ್ಲಿ ಸಾಧ್ಯವೇ ಇಲ್ಲ’ ಅಂತ ಹೇಳೋ ಕೈ ಯಾವತ್ತೂ ಉಳಿ ಹಿಡಿದಿರಲ್ಲ. ಹಿಡಿದವರು ಇನ್ನೂ ನಮ್ಮ ಊರಲ್ಲೇ ಇದ್ದಾರೆ. ಬೋವಿ ಸಮುದಾಯದ ಎಷ್ಟೋ ಮನೆತನಗಳು ತಲೆತಲಾಂತರದಿಂದ ಕಲ್ಲಿನ, ಮಣ್ಣಿನ ಕೆಲಸ ಮಾಡ್ತಾ ಈ ಬೆಂಗಳೂರನ್ನ ಕಟ್ಟಿವೆ. ಗ್ರಾನೈಟಿನ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತೆ, ಬಂದರೆ ವಾಸಿಯಾಗಲ್ಲ. ಮುಖಕ್ಕೆ ಒಂದು ಟವಲ್ ಸುತ್ತಿಕೊಂಡು ಇಡೀ ದಿನ ಕಲ್ಲು ಕುಟ್ಟೋರನ್ನ ನೀವೂ ನೋಡಿದ್ದೀರಿ. ಇವರ ಅಜ್ಜ ಮುತ್ತಜ್ಜಂದಿರ ಕೆಲಸ ತೋರಿಸಿ ‘ಇದು ಮನುಷ್ಯರದ್ದಲ್ಲ’ ಅಂದಾಗ, ಕೂಲಿ ಕಮ್ಮಿ ಕೊಟ್ಟದ್ದು ಸಾಲದು ಅಂತ ಹೆಸರನ್ನೂ ಕಿತ್ಕೊಂಡ ಹಾಗಾಯ್ತು. ಅಲ್ಲೊಬ್ಬ ಮೆರೆರ್ ಬರೆದಿಟ್ಟ, ನಮಗೆ ಗೊತ್ತಾಯ್ತು. ಇಲ್ಲಿ ಯಾರು ಬರೀತಾರೆ?

ಬಸವೇಶ್ವರನಗರದ ಆ ತಾತ ಚಪ್ಪಡಿ ಒಡೆದು, ಕೈ ತೊಳೆದು, ಟೀ ಕುಡಿದು ಹೊರಟಾಗ, ‘ಮಕ್ಕಳಿಗೆ ಕಲಿಸಿದೀರಾ?’ ಅಂತ ಕೇಳಿದ್ದೆ. ‘ಒಬ್ಬ ಆಟೋ ಓಡಿಸ್ತಾನೆ, ಒಬ್ಬ ಮಾಲ್‌ನಾಗೆ ಸೆಕ್ಯೂರಿಟಿ. ಈ ಧೂಳು ಅವ್ರಿಗೆ ಯಾಕೆ ಬಿಡಿ’ ಅಂದ್ರು. ಮಕ್ಕಳ ಒಳ್ಳೇದಕ್ಕೇ ಹೇಳಿದ ಮಾತು, ಸರಿಯಾದ ಮಾತು. ಆದರೆ ಕಲ್ಲಿನ ಸದ್ದು ಓದೋ ಆ ಕಿವಿ ಅವರ ಕಾಲಕ್ಕೇ ಮುಗಿಯುತ್ತೆ. ಇನ್ನೂರು ವರ್ಷ ಬಿಟ್ಟು ಯಾರೋ ನಮ್ಮ ಬೆಂಗಳೂರಿನ ಕಲ್ಲುಕಂಬ ನೋಡಿ, ‘ಇದನ್ನ ಇಷ್ಟು ನೇರವಾಗಿ ಸೀಳಿದ್ದು ಯಾವ ಲೋಕದವರು’ ಅಂತ ವಿಡಿಯೋ ಮಾಡ್ತಾರೆ.

ಅಷ್ಟರೊಳಗೆ ಒಂದು ಕೆಲಸ ಮಾಡಬಹುದು. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಹಳೇ ಬೀದಿಯಲ್ಲಿ ನಡೆಯುವಾಗ, ಮೋರಿ ಮುಚ್ಚಿರೋ ಚಪ್ಪಡಿಯ ಅಂಚನ್ನ ಬಗ್ಗಿ ನೋಡಿ, ಖಾಲಿ ಸೈಟಿನ ಬೇಲಿಗೆ ನೆಟ್ಟಿರೋ ಕಲ್ಲುಕಂಬದ ಮೂಲೆ ನೋಡಿ. ಅಂಚಿನುದ್ದಕ್ಕೂ ಗೇಣಿಗೊಂದರಂತೆ ಅರ್ಧರ್ಧ ಗುಳಿಗಳು ಕಾಣುತ್ತವೆ. ಉಳಿದ ಅರ್ಧ ಇನ್ನೊಂದು ತುಂಡಿನ ಜೊತೆ ಬೇರೆ ಯಾರದೋ ಮನೆಗೆ ಹೋಗಿರುತ್ತೆ. ಮಕ್ಕಳು ಜೊತೆಗಿದ್ದರೆ ಆ ಗುಳಿಯಲ್ಲಿ ಬೆರಳಿಟ್ಟು ತೋರಿಸಿ. ಹತ್ತಿರದಲ್ಲಿ ಯಾರಾದರೂ ಕಲ್ಲು ಕುಟ್ಟುತ್ತಾ ಕೂತಿದ್ದರೆ, ನಿಂತು ಮಾತಾಡಿಸಿ, ಹೆಸರು ಕೇಳಿ.